ಹೆಸರೆಷ್ಟು, ಕೂಡಿಸಿದ್ದೆಷ್ಟು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಕ್ಕಳಿಗೆ ಕಂಪ್ಯೂಟರ್ ಲೆಕ್ಕದ ಬಗ್ಗೆ ನಾಲ್ಕು ಮಾತು ಹೇಳು ಎಂದು ಗುರುಗಳು ಅಪ್ಪಣೆ ಮಾಡಿದ್ದಾರೆ. ನಾನು ದೊಡ್ಡ ಪಂಡಿತನಲ್ಲ, ಲೆಕ್ಕ ಬರೆದು ಹೊಟ್ಟೆ ಹೊರೆದವನು. ಅಲ್ಲಿ ಕಲಿತದ್ದನ್ನೇ ಹೇಳುತ್ತೇನೆ.

ಮಕ್ಕಳೇ, ಸ್ಪ್ರೆಡ್‌ಶೀಟ್ ಎಂದರೆ ಹೆದರಬೇಡಿ. ನಿಮ್ಮ ಹಾಜರಿ ಪುಸ್ತಕವೇ ಅದು. ಒಬ್ಬೊಬ್ಬರಿಗೆ ಒಂದೊಂದು ಅಡ್ಡಸಾಲು, ಅದಕ್ಕೆ ರೋ ಎನ್ನುತ್ತಾರೆ. ಒಂದೊಂದು ತಾರೀಕಿಗೆ ಮೇಲಿಂದ ಕೆಳಗಿಳಿಯುವ ಒಂದು ಸಾಲು, ಅದು ಕಾಲಂ. ಎರಡೂ ಕೂಡುವ ಚೌಕವೇ ಸೆಲ್. ಕಾಲಮ್ಮಿಗೆ ಇಂಗ್ಲಿಷ್ ಅಕ್ಷರ, ರೋಗೆ ಅಂಕಿ. ಬಿ ಕಾಲಂ, 5ನೇ ರೋ ಕೂಡಿದಲ್ಲಿ ಇರುವ ಸೆಲ್ಲಿನ ವಿಳಾಸ ಬಿ5. ಮನೆಗೆ ನಂಬರ್ ಇದ್ದ ಹಾಗೆ.

ಹಾಜರಿ ಪುಸ್ತಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದೇ. ಇಲ್ಲಿನ ಚೌಕದಲ್ಲಿ ಅಂಕಿಯ ಬದಲು ಸೂತ್ರ ಬರೆಯಬಹುದು. ಸಮ ಚಿಹ್ನೆ ಹಾಕಿ ಬರೆದರೆ ಅದು ಫಾರ್ಮುಲಾ. ಬೇರೆ ಚೌಕದ ಅಂಕಿ ಬದಲಾದರೆ ಉತ್ತರವೂ ತಾನಾಗಿ ಬದಲಾಗುತ್ತದೆ. 1979ರಲ್ಲಿ ಡಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಎಂಬ ಇಬ್ಬರು ವಿಸಿಕ್ಯಾಲ್ ಎಂಬ ತಂತ್ರಾಂಶದಲ್ಲಿ ಇದನ್ನು ಸಣ್ಣ ಕಂಪ್ಯೂಟರಿಗೆ ತಂದರು. ಎಕ್ಸೆಲ್ ಬಂದದ್ದು 1985ರಲ್ಲಿ. ದುಡ್ಡು ಕೊಡದೆ ಬಳಸಬಹುದಾದ ಲಿಬ್ರೆ ಆಫೀಸ್ ಕ್ಯಾಲ್ಕ್ ಕೂಡ ಇದೆ.

ಈಗ ನನ್ನ ತಪ್ಪಿನ ಕಥೆ. ಓದು ಮುಗಿದ ಮೇಲೆ ಒಂದು ಮೆಣಸಿನಕಾಯಿ ಗೋದಾಮಿನಲ್ಲಿ ಗುಮಾಸ್ತನಾಗಿದ್ದೆ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಕಿಲೋ ಲೆಕ್ಕದಲ್ಲಿ ವಾರದ ಕೂಲಿ. ಎ ಕಾಲಮ್ಮಿನಲ್ಲಿ ಹೆಸರು, ಬಿಯಲ್ಲಿ ಕಿಲೋ, ಸಿಯಲ್ಲಿ ಕೂಲಿ. ಕಿಲೋಗೆ ಇಷ್ಟು ಎಂಬ ದರವನ್ನು ಎಫ್1ರಲ್ಲಿ ಒಂದೇ ಕಡೆ ಬರೆದಿದ್ದೆ. ಸಿ2ರಲ್ಲಿ ಬಿ2 ಗುಣಿಸು ಎಫ್1 ಎಂದು ಬರೆದು ಕೆಳಗೆ ಎಳೆದರೆ ಎಲ್ಲರ ಕೂಲಿಯೂ ಬರಬೇಕು. ಆದರೆ ಎಳೆದಾಗ ಬಿ2 ಹೋಗಿ ಬಿ3 ಆಗುವಂತೆ ಎಫ್1 ಕೂಡ ಎಫ್2 ಆಗಿಬಿಡುತ್ತದೆ. ಅಲ್ಲಿ ದರವಿಲ್ಲ, ಕೂಲಿ ಸೊನ್ನೆ! ಅದಕ್ಕೇ ಎಫ್‌ನ ಮುಂದೊಂದು, 1ರ ಮುಂದೊಂದು ಡಾಲರ್ ಚಿಹ್ನೆ ಹಾಕಿ ಗೂಟ ಹೊಡೆಯಬೇಕು. ಇಷ್ಟು ನನಗೆ ಗೊತ್ತಿತ್ತು, ಜಂಬವೂ ಇತ್ತು.

ನಲವತ್ತು ಹೆಸರು, 2ನೇ ರೋನಿಂದ 41ರವರೆಗೆ. ಬದಿಯ ಚೌಕದಲ್ಲಿ ಸಮ್ ಸೂತ್ರ ಹಾಕಿ ಸಿ2ರಿಂದ ಸಿ41ರವರೆಗೆ ಕೂಡಿಸಿದ್ದೆ. ಹೀಗೆ ಇಲ್ಲಿಂದ ಇಲ್ಲಿಯವರೆಗೆ ಎಂದು ಹೇಳುವುದಕ್ಕೆ ರೇಂಜ್ ಎನ್ನುತ್ತಾರೆ. ಒಂದು ವಾರ ಮೂವರು ಹೊಸಬರು ಬಂದರು. ಅವರ ಹೆಸರನ್ನು ಕೆಳಗೆ ಸೇರಿಸಿದೆ, ರೇಂಜ್ ಬದಲಿಸಲಿಲ್ಲ. ಬಟವಾಡೆಯ ದಿನ ಕೊನೆಯ ಮೂವರಿಗೆ ದುಡ್ಡು ಸಾಲಲಿಲ್ಲ. ಹಣ ಎಣಿಸಿ ತಂದ ಹುಡುಗನ ಮೇಲೆ ಅನುಮಾನ ಪಟ್ಟೆ. "ಕಂಪ್ಯೂಟರ್ ಲೆಕ್ಕ, ತಪ್ಪಾಗಂಗಿಲ್ಲ" ಎಂದು ಎಲ್ಲರೆದುರಿಗೆ ಗದರಿಸಿದೆ. ಅವನ ಕಣ್ಣಲ್ಲಿ ನೀರು ಬಂತು.

ಆ ಮೂವರಲ್ಲಿ ಒಬ್ಬ ಅಜ್ಜಿ ಅಂದಳು: "ತಮ್ಮಾ, ಹೆಸ್ರು ಎಷ್ಟದಾವ ಎಣಿಸು. ನೀ ಕೂಡಿಸಿದ್ದು ಎಷ್ಟು ಮಂದೀದು?"

ಎಣಿಸಿದೆ. ಹೆಸರು ನಲವತ್ಮೂರು, ಕೂಡಿಸಿದ್ದು ನಲವತ್ತು. ಹುಡುಗನ ಕ್ಷಮೆ ಕೇಳಿದೆ. ಗದರಿಸಿದ್ದು ಎಲ್ಲರೆದುರಿಗೆ, ಕ್ಷಮೆ ಕೇಳಿದ್ದು ಮಾತ್ರ ಮೂಲೆಯಲ್ಲಿ. ಅದು ಇವತ್ತಿಗೂ ಚುಚ್ಚುತ್ತದೆ.

ಇದು ಹಳ್ಳಿ ಗುಮಾಸ್ತನ ತಪ್ಪು ಮಾತ್ರವಲ್ಲ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್, ಹಾರ್ವರ್ಡ್ ವಿಶ್ವವಿದ್ಯಾಲಯದ ಕೆನೆತ್ ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು ದೇಶಗಳ ಸಾಲದ ಮೇಲೆ ಲೇಖನ ಬರೆದರು. ಸಾಲ ಮಿತಿ ಮೀರಿದರೆ ಬೆಳವಣಿಗೆ ಕುಗ್ಗುತ್ತದೆ ಎಂಬ ಅದರ ಮಾತನ್ನು ಸರ್ಕಾರಿ ಖರ್ಚು ಕಡಿತಗೊಳಿಸಬೇಕೆಂದವರು ಎತ್ತಿ ಹಿಡಿದರು. ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಎಕ್ಸೆಲ್ ಹಾಳೆಯನ್ನೇ ತರಿಸಿ ನೋಡಿದ. ಸರಾಸರಿಯ ರೇಂಜಿನಲ್ಲಿ ಐದು ದೇಶಗಳೇ ಬಿಟ್ಟುಹೋಗಿದ್ದವು! ಬೇರೆ ಆಕ್ಷೇಪಗಳ ಜೊತೆಗೆ ಇದನ್ನೂ ಅವನೂ ಅವನ ಗುರುಗಳೂ 2013ರಲ್ಲಿ ಪ್ರಕಟಿಸಿದರು. ರೇಂಜಿನ ತಪ್ಪನ್ನು ಆ ಪಂಡಿತರು ಒಪ್ಪಿಕೊಂಡರು. ಅಜ್ಜಿ ಕೇಳಿದ ಪ್ರಶ್ನೆಯನ್ನೇ ಆ ಹುಡುಗನೂ ಕೇಳಿದ್ದ.

ಅದಕ್ಕೆ ಮಕ್ಕಳೇ, ಮೂರು ಮಾತು ನೆನಪಿಡಿ. ಚೌಕದಲ್ಲಿ ಕಾಣುವುದು ಉತ್ತರ ಮಾತ್ರ, ಅದರ ಮೇಲೆ ಕ್ಲಿಕ್ ಮಾಡಿ ಮೇಲಿನ ಪಟ್ಟಿಯಲ್ಲಿ ಸೂತ್ರ ನೋಡಿ. "75 ಕಿಲೋ" ಎಂದು ಅಕ್ಷರ ಸೇರಿಸಿ ಬರೆದರೆ ಸಮ್ ಅದನ್ನು ಕೂಡಿಸುವುದಿಲ್ಲ, ಬರೀ 75 ಬರೆಯಿರಿ. ಅಕಾರಾದಿಯಾಗಿ ಜೋಡಿಸುವಾಗ ಇಡೀ ಪಟ್ಟಿಯನ್ನು ಆರಿಸಿಕೊಳ್ಳಿ. ಹೆಸರಿನ ಕಾಲಂ ಒಂದನ್ನೇ ಜೋಡಿಸಿದರೆ ಒಬ್ಬರ ಕೂಲಿ ಇನ್ನೊಬ್ಬರ ಹೆಸರಿಗೆ ಬೀಳುತ್ತದೆ.

ಊರಿನ ಹಿರಿಯರಲ್ಲೂ ಒಂದು ವಿನಂತಿ. ಭತ್ತದ ಪಟ್ಟಿಯಿರಲಿ, ಸಂಘದ ಬಡ್ಡಿಯಿರಲಿ, ಕಂಪ್ಯೂಟರಿನಿಂದ ಬಂದ ಕಾಗದ ಎಂದು ಸುಮ್ಮನಾಗಬೇಡಿ. ಹೆಸರೆಷ್ಟು, ಕೂಡಿಸಿದ್ದೆಷ್ಟು ಎಂದು ಕೇಳಿ. ಕೇಳುವುದಕ್ಕೆ ಇಂಗ್ಲಿಷ್ ಬೇಕಿಲ್ಲ, ಎಣಿಸಲು ಬಂದರೆ ಸಾಕು. ಆ ಎಣಿಕೆಯನ್ನು ನನಗೆ ಕಲಿಸಿದ್ದು ಈ ಶಾಲೆ. ಅದನ್ನು ಮರೆತಾಗ ನೆನಪಿಸಿದ್ದು ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಅಜ್ಜಿ. ಇಬ್ಬರಿಗೂ ನನ್ನ ನಮಸ್ಕಾರ.