ಅರ್ಧ ಕೇಳಿದವರಿಗಾಗಿ

(ಸಮಾಜಕಾರ್ಯಕರ್ತರಿಗಾಗಿ ಜಯನಗರದಲ್ಲಿ ಏರ್ಪಡಿಸಿದ ಮಾಧ್ಯಮ ಮತ್ತು ಸಂವಹನ ಪ್ರದರ್ಶನದ ಉದ್ಘಾಟನಾ ಭಾಷಣ)



ನನ್ನ ಪರಿಚಯದ ನೆಪದಲ್ಲಿ ಈಗತಾನೆ ಆಡಿದ ಒಳ್ಳೆಯ ಮಾತುಗಳಿಗೆ ನಾನು ಕೃತಜ್ಞ. ಅವುಗಳಲ್ಲಿ ಅರ್ಧವನ್ನಾದರೂ ನಂಬಲಾಗದೆಂದು ನೀವು ಸಂಶಯಪಟ್ಟರೆ, ಈ ಪ್ರದರ್ಶನದ ಉದ್ದೇಶ ಬಾಗಿಲಲ್ಲಿಯೇ ಫಲಿಸಿತೆಂದು ಸಂತೋಷಪಡುತ್ತೇನೆ. ಸಮಾಜಕಾರ್ಯವೆಂಬ ಶಾಸ್ತ್ರವನ್ನು ನಾನು ಓದಿದವನಲ್ಲ. ಆಯುಷ್ಯದ ಬಹುಭಾಗವನ್ನು ರೇಡಿಯೋ ಕಾರ್ಯಕ್ರಮಗಳಿಗೆ ಮಾತು ಬರೆಯುವುದರಲ್ಲಿಯೂ ಇತರರು ಬರೆದುದನ್ನು ತಿದ್ದುವುದರಲ್ಲಿಯೂ ಕಳೆದು, ಈಗ ಜಯನಗರದ ಮರಗಳ ನೆರಳಿನಲ್ಲಿ ಬೆಳಗಿನ ನಡಿಗೆಯನ್ನೂ ಮಧ್ಯಾಹ್ನದ ನಿದ್ರೆಯನ್ನೂ ವ್ರತದಂತೆ ಪಾಲಿಸುತ್ತಿರುವವನು. ಆಮಂತ್ರಣಪತ್ರಿಕೆಯಲ್ಲಿ ಅಚ್ಚಾಗಿರುವ ವಿಷಯಗಳಲ್ಲಿ ಬಹುಪಾಲು ನನ್ನ ತಿಳಿವಳಿಕೆಗೆ ಮೀರಿದವು. ನಾನು ಬಲ್ಲದ್ದು ಕಿವಿಯೊಂದನ್ನು. ಅದನ್ನು ಕುರಿತೇ ಮಾತನಾಡುತ್ತೇನೆ.

ರೇಡಿಯೋದವನನ್ನು ಇಲ್ಲಿಗೆ ಕರೆದದ್ದೇಕೆಂದು ಯಾರಾದರೂ ಕೇಳಬಹುದು. ನಮ್ಮ ನಾಡಿನಲ್ಲಿ ಈ ನಂಟು ಹಳೆಯದು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಪ್ರಸಾರಯಂತ್ರವನ್ನು ಹೂಡಿ ‘ಆಕಾಶವಾಣಿ’ ಎಂಬ ಹೆಸರಿನಿಂದ ಕಾರ್ಯಕ್ರಮಗಳನ್ನು ಬಿತ್ತರಿಸತೊಡಗಿದ ಎಂ.ವಿ. ಗೋಪಾಲಸ್ವಾಮಿಯವರು ಇಂಜಿನಿಯರಾಗಿರಲಿಲ್ಲ, ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ನರ ಬಳಿ ಅಭ್ಯಾಸಮಾಡಿ ಬಂದು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಪ್ರಾಧ್ಯಾಪಕರು. (ಇಲ್ಲಿಗೆ ಸಮೀಪದಲ್ಲಿಯೇ ಇರುವ ನಿಮ್ಹಾನ್ಸಿನ ಪೂರ್ವರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ತೆರೆದಾಗ ಅದರ ನಿರ್ದೇಶಕರಾದವರು ಎಂ.ವಿ. ಗೋವಿಂದಸ್ವಾಮಿ. ಇಬ್ಬರನ್ನೂ ಒಬ್ಬರೆಂದೇ ತಿಳಿದು ಭಾಷಣ ಮಾಡಿದವರನ್ನು ಕೇಳಿದ್ದೇನೆ.) ಮನಸ್ಸನ್ನು ಅಭ್ಯಸಿಸಿದವರೊಬ್ಬರು ಧ್ವನಿಯನ್ನು ಹುಡುಕಿಕೊಂಡು ಹೋದದ್ದು ಕೇವಲ ಆಕಸ್ಮಿಕವೆಂದು ನನಗೆ ಎಂದೂ ತೋರಿಲ್ಲ.

ನಾನು ಕೆಲಸ ಕಲಿಯುತ್ತಿದ್ದಾಗ ನಮ್ಮಲ್ಲೊಬ್ಬ ಹಿರಿಯ ನಿರ್ಮಾಪಕರಿದ್ದರು. ಎಷ್ಟು ಶ್ರಮಪಟ್ಟು ಬರೆದುಕೊಂಡು ಹೋದರೂ ಅವರು ಅದನ್ನು ಮೊದಲಿನಿಂದ ಓದುತ್ತಿರಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಹಾಸಿ, ಎರಡು ಪೋಸ್ಟ್‌ಕಾರ್ಡುಗಳನ್ನು ಮೇಲೊಂದು ಕೆಳಗೊಂದು ಇಟ್ಟು, ನಡುವೆ ಒಂದೇ ಸಾಲು ಕಾಣುವಂತೆ ಮಾಡಿ, “ಇದನ್ನು ಓದಯ್ಯ” ಎನ್ನುವರು. ಒಮ್ಮೆ ಪಕ್ಕದ ಮೇಜಿನವರ ಆರೋಗ್ಯಭಾಷಣವೊಂದು ಹೀಗೆ ಸಿಕ್ಕಿಬಿದ್ದಿತು. ಕಾಣುತ್ತಿದ್ದ ಸಾಲು: “ಭೇದಿಯಾಗುತ್ತಿರುವ ಮಗುವಿಗೆ ನೀರು ಕೊಡಬಾರದೆಂಬುದು”. ಮುಂದಿನ “ತಪ್ಪು ತಿಳಿವಳಿಕೆ” ಎಂಬ ಮಾತು ಪೋಸ್ಟ್‌ಕಾರ್ಡಿನ ಕೆಳಗಿತ್ತು. “ಆಯಮ್ಮ ಒಲೆ ಮುಂದೆ ಕೂತಿದಾಳೆ. ನೀನು ‘ತಪ್ಪು’ ಅನ್ನೋ ಹೊತ್ತಿಗೆ ಒಗ್ಗರಣೆ ಚಟಪಟ ಅಂತು. ಅವಳಿಗೆ ಕೇಳಿದ್ದು ಇಷ್ಟೇ ಕಣಯ್ಯ. ಮಗೂಗೆ ನೀರು ಕೊಡ್ತಾಳೋ, ಬಿಡ್ತಾಳೋ?” ಎಂದರು. ಅನಂತರ ಆ ಹಾಳೆ ಪ್ರಸಾರವಾದದ್ದು “ಮಗುವಿಗೆ ಭೇದಿಯಾದರೆ ನೀರು ಕೊಡಿ, ಉಪ್ಪು ಸಕ್ಕರೆ ಬೆರೆಸಿ ಕೊಡಿ, ಕೊಡುತ್ತಲೇ ಇರಿ” ಎಂದು. ತಪ್ಪು ತಿಳಿವಳಿಕೆಯ ಪ್ರಸ್ತಾಪವೇ ಅದರಲ್ಲಿ ಉಳಿಯಲಿಲ್ಲ.

ನಮ್ಮ ಭಾಷೆಯ ರಚನೆಯಲ್ಲಿ ಕ್ರಿಯಾಪದವೂ ನಿಷೇಧವೂ ವಾಕ್ಯದ ತುದಿಯಲ್ಲಿ ಬಂದು ಕುಳಿತುಕೊಳ್ಳುವುದರಿಂದ, ಸುಳ್ಳನ್ನು ಅಲ್ಲಗಳೆಯಲು ಹೊರಟವನು ಮೊದಲು ಆ ಸುಳ್ಳನ್ನು ತಾನೇ ಸಾಂಗವಾಗಿ ಉಚ್ಚರಿಸಿ, ಬಳಿಕವಷ್ಟೆ ಅದನ್ನು ನಿರಾಕರಿಸಬೇಕಾಗುತ್ತದೆ. ಧ್ವನಿವರ್ಧಕ ಕಟ್ಟಿಕೊಂಡ ಆಟೋವೊಂದು ಬನಶಂಕರಿಯ ಅಡ್ಡರಸ್ತೆಯಲ್ಲಿ “ಮಕ್ಕಳನ್ನು ಕದಿಯುವವರು ನಗರಕ್ಕೆ ಬಂದಿದ್ದಾರೆಂಬ ವದಂತಿಯನ್ನು ಸಾರ್ವಜನಿಕರು ನಂಬಬಾರದಾಗಿ” ಎಂದು ಸಾರುತ್ತ ತಿರುವನ್ನು ದಾಟಿಹೋದರೆ, ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿರುವ ತಾಯಿಗೆ ತಲುಪುವುದು ಮೊದಲ ಅರ್ಧ. ಅದೂ ಸರ್ಕಾರದ ಮೊಹರು ಹೊತ್ತು. ಈ ಭಾಷಣದ ವಾಕ್ಯಗಳೇ ಗಜಗಾತ್ರದವಾಗಿವೆಯೆಂದು ಮುಂದಿನ ಸಾಲಿನಲ್ಲಿ ಯಾರೋ ನಗುತ್ತಿರುವುದು ಕಾಣಿಸುತ್ತಿದೆ. ನೀವು ಬಾಗಿಲು ಹಾಕಿಕೊಂಡು ಕುಳಿತ ಸಭಿಕರು, ಎದ್ದುಹೋಗಲಾರಿರಿ. ಬೀದಿಗೆ ಆ ನಿರ್ಬಂಧವಿಲ್ಲ.

ಅರ್ಧವೆಂಬುದು ಎಷ್ಟು ಭಯಂಕರವಾಗಬಲ್ಲುದೆಂಬುದನ್ನು ಈ ನಗರ ಕಂಡಿದೆ. ಪಾಕಿಸ್ತಾನದ ಕರಾಚಿಯಲ್ಲಿ ಕಾಣೆಯಾದ ಮಕ್ಕಳಿಗಾಗಿ ದುಡಿಯುವ ರೋಶ್ನಿ ಎಂಬ ಸಹಾಯವಾಣಿ ಸಂಸ್ಥೆಗಾಗಿ 2016ರಲ್ಲಿ ಒಂದು ಕಿರುಚಿತ್ರ ತಯಾರಾಯಿತು. ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ; ಮೋಟಾರ್ ಸೈಕಲ್ಲಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ; ಮರುಕ್ಷಣವೇ ಹಿಂದಿರುಗಿ ಮಗುವನ್ನು ಕೆಳಗಿಳಿಸಿ, ಮಕ್ಕಳನ್ನು ಅಪಹರಿಸುವುದು ಎಷ್ಟು ಸುಲಭವೆಂದು ಎಚ್ಚರಿಸುವ ಫಲಕವೊಂದನ್ನು ಎತ್ತಿ ಹಿಡಿಯುತ್ತಾರೆ. ಯಾರೋ ಈ ಕೊನೆಯ ಭಾಗವನ್ನು ಕತ್ತರಿಸಿದರು. ಉಳಿದ ತುಣುಕು ಭಾರತದ ಮೊಬೈಲುಗಳಲ್ಲಿ ನಿಜವಾದ ಅಪಹರಣದ ದೃಶ್ಯವೆಂಬ ಹೆಸರಿನಲ್ಲಿ ಸಂಚರಿಸಿತು. ಇಂಥ ತುಣುಕುಗಳೂ ಅವುಗಳ ಜತೆಗೂಡಿದ ಧ್ವನಿಸಂದೇಶಗಳೂ ಮನೆಮನೆಯನ್ನು ಹೊಕ್ಕ 2018ರ ಬೇಸಿಗೆಯಲ್ಲಿ, ಮೇ 23ರಂದು, ಇಲ್ಲಿಂದ ದೂರವೇನೂ ಅಲ್ಲದ ಚಾಮರಾಜಪೇಟೆಯಲ್ಲಿ, ಕೆಲಸವನ್ನರಸಿ ರಾಜಸ್ಥಾನದಿಂದ ಬಂದಿದ್ದ ತರುಣನೊಬ್ಬನನ್ನು ಮಕ್ಕಳ ಕಳ್ಳನೆಂದು ಹಗ್ಗದಿಂದ ಕಟ್ಟಿ, ಬ್ಯಾಟುಗಳಿಂದ ಬಡಿದು, ಜನರು ಹಾಡುಹಗಲೇ ಕೊಂದರು. ಜುಲೈ 13ರಂದು ಬೀದರ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಇಂಜಿನಿಯರೊಬ್ಬರು ಅದೇ ಗತಿಯನ್ನು ಹೊಂದಿದರು. ಅವರ ತಂಡದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದರು. ಕಾರು ಮುಂದಿನ ಊರನ್ನು ಸೇರುವುದರೊಳಗೆ ಸಂದೇಶ ಅಲ್ಲಿಗೆ ತಲುಪಿ, ರಸ್ತೆಗೆ ಅಡ್ಡ ಬಿದ್ದಿತ್ತು. ಬಿಡಿಸಲು ಹೋದ ಪೊಲೀಸರೂ ಏಟು ತಿಂದರು.

ಆ ಕಿರುಚಿತ್ರವನ್ನು ಮಾಡಿಸಿದವರು ವಂಚಕರಲ್ಲ. ನಿಮ್ಮಂತೆಯೇ ಮಕ್ಕಳ ಹಿತಕ್ಕಾಗಿ ದುಡಿಯುವವರು. ಶುದ್ಧಾಂತಃಕರಣದಿಂದ, ಪ್ರಾಯಶಃ ಬಹುಮಾನ ಗಳಿಸುವಷ್ಟು ಕೌಶಲದಿಂದ, ಭೀತಿಯನ್ನು ಮುಂದಿಟ್ಟು ಬೋಧೆಯನ್ನು ಕೊನೆಗಿಟ್ಟವರು. ಮಾಧ್ಯಮ ಸಾಕ್ಷರತೆಯೆಂದರೆ ಪರರು ಕಳಿಸಿದ ಸುಳ್ಳನ್ನು ಗುರುತಿಸುವ ವಿದ್ಯೆಯೆಂದೇ ನಾವೆಲ್ಲ ತಿಳಿದಿರುವಾಗ, ನಾವು ತಯಾರಿಸಿದ ಸತ್ಯವೇ ಬಾಲ ಕಳೆದುಕೊಂಡ ಮೇಲೆ ಏನಾಗುತ್ತದೆಂಬುದನ್ನು ವಿಚಾರಿಸುವವರು ಕಡಮೆ. ಭಯವನ್ನು ಹುಟ್ಟಿಸಿ ಎಚ್ಚರಿಸುವ ಚಿತ್ರಗಳ ವಿಷಯದಲ್ಲಿ ನನಗೆ ಮೊದಲಿಂದಲೂ ಅಸಮಾಧಾನ. ಕರಾಚಿಯ ಕಥೆಯನ್ನು ಓದಿದ ಮೇಲೆ ಅದು ವಿರೋಧವಾಗಿಯೇ ಮಾರ್ಪಟ್ಟಿದೆ. ನಿಮ್ಮ ಕಿರುಚಿತ್ರದ ಯಾವುದೇ ಹತ್ತು ಸೆಕೆಂಡುಗಳನ್ನು ಯಾರಾದರೂ ಕತ್ತರಿಸಿಕೊಂಡು ಹೋಗಲಿ, ಆ ಹತ್ತು ಸೆಕೆಂಡುಗಳು ಒಬ್ಬ ಅಪರಿಚಿತನ ಮೈಮೇಲೆ ಕಲ್ಲಾಗಿ ಬೀಳದಂತೆ ಅದನ್ನು ರಚಿಸಬೇಕೆಂಬುದೇ ನಾನು ಇಲ್ಲಿ ಹೇಳಬೇಕೆಂದು ಬಂದ ಮಾತು.

ಕ್ಷಮಿಸಬೇಕು, ಸಭೆ ಸೇರುವ ಮೊದಲು ಮಳಿಗೆಗಳನ್ನು ಒಂದು ಸುತ್ತು ನೋಡಿಬಂದೆ. ಒಂದು ಫಲಕದಲ್ಲಿ ಸಣ್ಣ ಹುಡುಗಿಯೊಬ್ಬಳ ಭಾವಚಿತ್ರವಿದೆ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದಿದ್ದೀರಿ. ಆದರೆ ಹಿಂದೆ ಗೋಡೆಯ ಮೇಲಿನ ಶಾಲೆಯ ಹೆಸರಿನಲ್ಲಿ ಮುಕ್ಕಾಲು ಭಾಗ ಓದಬಹುದಾಗಿದೆ, ಅವಳ ಜಡೆಗೆ ಕಟ್ಟಿದ ಎರಡು ಬಣ್ಣದ ರಿಬ್ಬನ್ನನ್ನು ಅವಳ ಬೀದಿಯವರಾರೂ ಮರೆಯಲಾರರು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಕಾಯಿದೆಯ 23ನೆಯ ಪ್ರಕರಣ, ಬಾಲನ್ಯಾಯ ಕಾಯಿದೆಯ 74ನೆಯ ಪ್ರಕರಣ, ಚಿಕಿತ್ಸೆಯಲ್ಲಿರುವ ಮನೋರೋಗಿಯ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಕೂಡದೆನ್ನುವ 2017ರ ಕಾಯಿದೆಯ 24ನೆಯ ಪ್ರಕರಣ, ಇವೆಲ್ಲ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕಣ್ಣನ್ನು ಮುಚ್ಚಿ ಶಾಲೆಯನ್ನು ತೋರಿಸಿದರೆ ಕಾನೂನಿನ ಅಕ್ಷರಕ್ಕೂ ಅಪಚಾರ, ಆಶಯಕ್ಕೂ ಅಪಚಾರ. ಮಧ್ಯಾಹ್ನದೊಳಗೆ ಆ ಫಲಕ ಕೆಳಗಿಳಿಯುತ್ತದೆಂದು ಸಂಘಟಕರು ಮಾತು ಕೊಟ್ಟಿದ್ದಾರೆ.

ಇನ್ನೊಂದು ಸಂಗತಿ. 2012ರ ಆಗಸ್ಟ್ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಅಸ್ಸಾಮಿನ ಕೊಕ್ರಝಾರ್ ಪ್ರದೇಶದ ಗಲಭೆಗಳ ಬೆನ್ನಲ್ಲಿ, ರಂಜಾನ್ ಮುಗಿಯುತ್ತಲೇ ಬೆಂಗಳೂರಿನಲ್ಲಿ ಈಶಾನ್ಯದವರ ಮೇಲೆ ದಾಳಿ ನಡೆಯುವುದೆಂಬ ಗಾಳಿಸುದ್ದಿ ಹಬ್ಬಿ, ಸ್ವಾತಂತ್ರ್ಯೋತ್ಸವದ ರಾತ್ರಿಯಿಂದ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಮೆಜೆಸ್ಟಿಕ್ಕಿನ ರೈಲುನಿಲ್ದಾಣದಲ್ಲಿ ನೆರೆದರು. ಗುವಾಹಾಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಮಂತ್ರಿಗಳು ಪ್ಲಾಟ್‌ಫಾರಮ್ಮಿಗೆ ಹೋಗಿ ಅಭಯವಿತ್ತರು. ಕೇಂದ್ರ ಸರ್ಕಾರ ಹದಿನೈದು ದಿನಗಳ ಮಟ್ಟಿಗೆ ಒಬ್ಬರು ಒಂದೇ ಬಾರಿಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ಕಟ್ಟುಮಾಡಿತು. (ಆರು ವರ್ಷಗಳ ತರುವಾಯ, 2018ರ ಜುಲೈಯಲ್ಲಿ, ವಾಟ್ಸಾಪ್ ಕಂಪನಿಯವರು ಭಾರತದಲ್ಲಿ ಸಂದೇಶವನ್ನು ಮುಂದಕ್ಕೆ ಕಳಿಸುವುದಕ್ಕೆ ಹಾಕಿದ ಮಿತಿಯೂ ಐದೇ. ಈ ಸಂಖ್ಯೆಗೆ ಏನು ಮಹಿಮೆಯೋ!) ನಮ್ಮ ಬೀದಿಯ ಮೂಲೆಯ ಕಟ್ಟಡಕ್ಕೆ ಅಸ್ಸಾಮಿನ ಹುಡುಗನೊಬ್ಬ ಕಾವಲಿದ್ದ; ನನ್ನೊಡನೆ ಕನ್ನಡದಲ್ಲಿಯೇ ಮಾತನಾಡುವಷ್ಟು ಕಲಿತಿದ್ದ. ಚೀಲ ಹೆಗಲಿಗೇರಿಸಿ ನಿಂತಿದ್ದವನನ್ನು ತಡೆದು, “ಏನೂ ಆಗಲ್ಲ ಅಂತ ಟೀವಿಯಲ್ಲಿ ಹೇಳ್ತಾ ಇದಾರಲ್ಲಪ್ಪ” ಎಂದೆ. “ಅದು ನಿಮಗೆ ಹೇಳಿದ್ದು ಸಾರ್. ನನಗೆ ಅಮ್ಮ ಫೋನ್ ಮಾಡಿ ಬಾ ಅಂದ್ರು” ಎಂದ. ದೀಪಾವಳಿಯ ಹೊತ್ತಿಗೆ ಆ ಕಟ್ಟಡಕ್ಕೆ ಬೇರೆ ಕಾವಲುಗಾರ ಬಂದಿದ್ದ.

ಒಂದು ರಾಜ್ಯದ ಅಧಿಕಾರವಾಣಿಯೆಲ್ಲ ಒಗ್ಗೂಡಿದರೂ ಒಬ್ಬ ತಾಯಿಯ ಫೋನಿನ ಮುಂದೆ ನಿಲ್ಲಲಾರದು, ನಿಲ್ಲಬೇಕಾಗಿಯೂ ಇಲ್ಲ. ಆದರೆ ಬಿಟಿಎಂ ಬಡಾವಣೆಯ ಮೆಸ್ಸುಗಳಲ್ಲಿ ಅಡಿಗೆ ಮಾಡುವವರನ್ನೂ, ಜೆ.ಪಿ. ನಗರದ ಕಟ್ಟಡಗಳ ಬುಡದಲ್ಲಿ ಬೀಡುಬಿಟ್ಟಿರುವ ಗಾರೆಯಾಳುಗಳನ್ನೂ, ರಾಗಿಗುಡ್ಡದ ಮನೆಗಳಿಂದ ನಸುಕಿನಲ್ಲಿಯೇ ಹೊರಟು ನಮ್ಮ ಪಾತ್ರೆ ತೊಳೆಯಲು ಬರುವ ಹೆಂಗಸರನ್ನೂ, ಯಾವ ವದಂತಿಯೂ ಇಲ್ಲದ ನೆಮ್ಮದಿಯ ದಿನಗಳಲ್ಲಿ ಕಂಡು, ಹೆಸರು ಹಿಡಿದು ಮಾತನಾಡಿಸಿ, ಅವರ ಊರನ್ನು ವಿಚಾರಿಸಿದ ಕಾರ್ಯಕರ್ತರು ಇದ್ದಿದ್ದರೆ, ಆ ತಾಯಿಯೊಡನೆಯೇ ಫೋನಿನಲ್ಲಿ ಎರಡು ಮಾತನಾಡಬಲ್ಲವರೊಬ್ಬರು ಅಂದು ಸಿಕ್ಕುತ್ತಿದ್ದರು. ವದಂತಿ ಹುಟ್ಟಿದ ದಿನ ಪರಿಚಯ ಮಾಡಿಕೊಳ್ಳಲು ಹೋದವನನ್ನು ಯಾರೂ ನಂಬುವುದಿಲ್ಲ. ಮಕ್ಕಳ ಕಳ್ಳನೆಂದು ಅವನನ್ನೇ ಹಿಡಿದರೂ ಆಶ್ಚರ್ಯವಿಲ್ಲ. ಈ ಪರಿಚಯದ ಕೆಲಸ ವರದಿಯಲ್ಲಿ ಯಾವ ಅಂಕಣಕ್ಕೂ ಹೊಂದುವುದಿಲ್ಲವೆಂದು ನಿಮ್ಮಲ್ಲೊಬ್ಬರು ಈಗತಾನೆ ನನ್ನ ಬಳಿ ದೂರಿದರು. ಅಂಕಣವನ್ನು ಹೊಸದಾಗಿ ಹಾಕಿಸಿಕೊಳ್ಳಿ ಎಂಬುದು ನನ್ನ ಉತ್ತರ.

ಇದು ಬಡವರ ಕೇರಿಗಳಿಗಷ್ಟೆ ಸಲ್ಲುವ ಮಾತಲ್ಲ. ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನಲ್ಲಿ ಪೊಲೀಸರ ವೇಷದ ವಂಚಕರು ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು, ನಮ್ಮ ಓರಗೆಯ ವಿದ್ಯಾವಂತ ವೃದ್ಧರನ್ನು ಗಂಟೆಗಟ್ಟಲೆ ಬೆದರಿಸಿ ಬ್ಯಾಂಕಿನ ಖಾತೆಯನ್ನು ಬರಿದುಮಾಡುತ್ತಿರುವುದನ್ನು ಬಲ್ಲಿರಿ. ಆ ವಂಚನೆಯ ಮೊದಲ ಕಟ್ಟಳೆಯೇ “ಕರೆಯನ್ನು ಕಡಿಯಬೇಡಿ, ಯಾರಿಗೂ ಹೇಳಬೇಡಿ” ಎಂಬುದು. ಕೇಳುವವನಿಗೆ ಎರಡನೆಯ ಧ್ವನಿಯೊಂದು ದೊರೆತೊಡನೆ ತಂತ್ರವೆಲ್ಲ ಕುಸಿಯುವುದೆಂದು ಅವರಿಗೆ ಗೊತ್ತು. 1930 ಎಂಬ ಸೈಬರ್ ವಂಚನೆಯ ಸಹಾಯವಾಣಿಯ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿರುವುದು ಒಳ್ಳೆಯದೇ. ಪಕ್ಕದ ಮನೆಯವರ ಕರೆಗಂಟೆಯನ್ನು ಒತ್ತಿರೆಂದು ಅದರ ಮೇಲುಗಡೆಯಲ್ಲಿ ದಪ್ಪಕ್ಷರಗಳಲ್ಲಿ ಬರೆದರೆ ಇನ್ನೂ ಒಳ್ಳೆಯದು.

ಎರಡನೆಯ ಧ್ವನಿಯಾಗಿ ನಿಂತವರು ನಮ್ಮಲ್ಲಿ ಇಲ್ಲದಿಲ್ಲ. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನೋರೋಗದ ವಿಚಾರವನ್ನು ದೆವ್ವದ ಭಯವೂ ಪರಿಭಾಷೆಯ ಭಾರವೂ ಇಲ್ಲದ ಕನ್ನಡದಲ್ಲಿ ದಶಕಗಳ ಕಾಲ ಹೇಳುತ್ತ ಬಂದು, ಬನ್ನೇರುಘಟ್ಟ ರಸ್ತೆಯ ಅರೆಕೆರೆಯ ‘ಸಮಾಧಾನ’ ಕೇಂದ್ರದಲ್ಲಿ ಬಂದವರ ಕಷ್ಟಕ್ಕೆ ಕಿವಿಗೊಟ್ಟವರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, ಹೈದರಾಲಿ ಹುಟ್ಟಿದ ಊರೆಂದು ನೀವು ಪಾಠದಲ್ಲಿ ಓದಿದ ಆ ಬೂದಿಕೋಟೆಯಲ್ಲಿಯೇ, ಸ್ವಸಹಾಯ ಸಂಘಗಳ ಹೆಂಗಸರು ‘ನಮ್ಮ ಧ್ವನಿ’ ಎಂಬ ಸಮುದಾಯ ರೇಡಿಯೋವನ್ನು ನಡೆಸಿದ ಕಾಲಕ್ಕೆ ಇಂಥ ಸಮುದಾಯಗಳಿಗೆ ಗಾಳಿಯಲ್ಲಿ ಪ್ರಸಾರಮಾಡುವ ಅಪ್ಪಣೆ ಇರಲಿಲ್ಲ, ಸರ್ಕಾರ ಅದಕ್ಕೆ ದಾರಿ ತೆರೆದದ್ದು 2006ರಲ್ಲಿ. ಅದುವರೆಗೆ ಅವರು ಕಾಯಲಿಲ್ಲ. ಕೇಬಲ್ ತಂತಿಯ ಮೂಲಕ ತಮ್ಮ ಧ್ವನಿಯನ್ನು ಮನೆಮನೆಗೆ ಹರಿಸಿದರು. ಪಕ್ಕದ ಮನೆಯಾಕೆಯೇ ರೇಡಿಯೋದಲ್ಲಿ ಮಾತನಾಡುವಾಗ, ಅನುಮಾನ ಬಂದವರು ಸಂಜೆ ನಲ್ಲಿಯ ಬಳಿ ಅವಳನ್ನೇ ಕೇಳಬಹುದಷ್ಟೆ! ಸತ್ಯಶೋಧನೆಗೆ ಇದಕ್ಕಿಂತ ಸಮೀಪದ ಸಂಸ್ಥೆ ಯಾವುದಿದೆಯೋ ನಾನರಿಯೆ.

ಪ್ರದರ್ಶನವನ್ನು ಹೇಗೆ ನೋಡಬೇಕು, ಯಾವ ಮಳಿಗೆಯಲ್ಲಿ ಏನಿದೆಯೆಂಬುದನ್ನು ತಿಳಿಸುವುದು ಉದ್ಘಾಟಕನ ಕರ್ತವ್ಯವೆಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಅದೆಲ್ಲವನ್ನೂ ಸ್ವಯಂಸೇವಕರು ನನಗಿಂತ ಸಮರ್ಪಕವಾಗಿ ತಿಳಿಸುವರು. ಎಡಗಡೆಯ ಮೂಲೆಯಲ್ಲಿ ಧ್ವನಿಮುದ್ರಣದ ಒಂದು ಮೇಜಿದೆ. ನಿಮ್ಮ ನಿಮ್ಮ ಸಂಸ್ಥೆಗಳ ಕರಪತ್ರಗಳನ್ನು ಅಲ್ಲಿಗೆ ತನ್ನಿ, ಗಟ್ಟಿಯಾಗಿ ಓದಿ, ನಡುವಿನಿಂದ ಹಾಕಿಸಿ ಕೇಳೋಣ. ಮೂರು ಗಂಟೆಯವರೆಗೆ ನಾನು ಅಲ್ಲಿಯೇ ಕುಳಿತಿರುತ್ತೇನೆ, ಆಮೇಲೆ ಮೊಮ್ಮಗಳನ್ನು ಶಾಲೆಯಿಂದ ಕರೆತರಬೇಕು. ಪ್ರದರ್ಶನ ಆರಂಭವಾಗಿದೆ, ದಯಮಾಡಿ ಒಳಗೆ ಬನ್ನಿ.