ಬ್ರಿಸ್ಟಲ್‌ನಲ್ಲಿ ಒಂದು ಕಾಲ್ನಡಿಗೆ

ಮಾರ್ಗದರ್ಶಿಯ ಹಿಂದೆ ನಡೆದು ಹಳೆಯ ಊರು ನೋಡುವುದು ಯುರೋಪಿನಲ್ಲಿ ರೂಢಿ. ಇಂಗ್ಲೆಂಡಿನ ಬಂದರು ಬ್ರಿಸ್ಟಲ್‌ನಲ್ಲಿ ಇಂಥ ನಡಿಗೆ ಒಂದು ಖಾಲಿ ಪೀಠದ ಮುಂದೆ ನಿಲ್ಲುತ್ತದೆ. 1895ರಲ್ಲಿ ಅಲ್ಲಿ ಎಡ್ವರ್ಡ್ ಕೋಲ್‌ಸ್ಟನ್‌ನ ಪ್ರತಿಮೆ ನಿಲ್ಲಿಸಿದ್ದರು. ಊರಿಗೆ ಶಾಲೆ, ಬಡವರಿಗೆ ವಸತಿ ಕಟ್ಟಿಸಿದ ದಾನಿ ಆತ. ಆಫ್ರಿಕದ ಜನರನ್ನು ಗುಲಾಮರಾಗಿ ಸಾಗಿಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯ ಉಪ ಗವರ್ನರನೂ ಹೌದು. ಫಲಕದಲ್ಲಿ ಎರಡನೆಯ ಸಂಗತಿ ಇರಲಿಲ್ಲ. 2020ರ ಜೂನ್ 7ರಂದು ಪ್ರತಿಭಟನಕಾರರು ಪ್ರತಿಮೆಯನ್ನು ಉರುಳಿಸಿ ಬಂದರಿನ ನೀರಿಗೆ ನೂಕಿದರು.

ನೂಕಿದ ಜಾಗದ ಬಳಿಯೇ ಒಂದು ಕಾಲುಸೇತುವೆ. ಸಕ್ಕರೆ ವ್ಯಾಪಾರಿ ಜಾನ್ ಪಿನ್ನಿ ಕೆರಿಬಿಯನ್ನಿನ ನೆವಿಸ್ ದ್ವೀಪದಿಂದ ಕರೆತಂದ ಗುಲಾಮ ಪೆರೋನ ಹೆಸರನ್ನು 1999ರಲ್ಲಿ ಅದಕ್ಕೆ ಇಡಲಾಯಿತು.

ಅಲ್ಲಿಂದ ಕೆಲವೇ ನಿಮಿಷಗಳ ದಾರಿಯಲ್ಲಿ, ಕಾಲೇಜ್ ಗ್ರೀನ್‌ನಲ್ಲಿ, ನಮ್ಮ ರಾಜಾ ರಾಮಮೋಹನ ರಾಯರ ಪ್ರತಿಮೆ. 1833ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡದ್ದು ಇದೇ ಊರಿನಲ್ಲಿ. ಅದಕ್ಕೆ ಹಿಂದಿನ ತಿಂಗಳಷ್ಟೇ ಬ್ರಿಟನ್ ಗುಲಾಮಗಿರಿ ರದ್ದತಿಯ ಕಾಯಿದೆ ಮಾಡಿತ್ತು. ಪರಿಹಾರವೆಂದು ಎತ್ತಿಟ್ಟ ಎರಡು ಕೋಟಿ ಪೌಂಡು ಮೀಸಲಾದದ್ದು ಗುಲಾಮರಿಗಲ್ಲ, ಅವರ ಒಡೆಯರಿಗೆ!

ಆದ್ದರಿಂದ ಹಳೆಯ ಬಂದರುಗಳಿಗೆ ಹೋದಾಗ ಕಟ್ಟಡ ಯಾವಾಗ ಕಟ್ಟಿದ್ದು ಎಂದಷ್ಟೇ ಮಾರ್ಗದರ್ಶಿಯನ್ನು ಕೇಳಬೇಡಿ. ಅದಕ್ಕೆ ಹಣ ಎಲ್ಲಿಂದ ಬಂತೆಂದೂ ಕೇಳಿ.