ಆಡಳಿತ ಶಿಕ್ಷಣವೂ ವಿಶ್ವವಿದ್ಯಾನಿಲಯವೂ

ಚಿತ್ರದುರ್ಗದ ಸೀಮೆಯಲ್ಲಿ, ಚಳ್ಳಕೆರೆ ತಾಲ್ಲೂಕಿಗೆ ಸೇರಿದ ನಾಯಕನಹಟ್ಟಿ ಎಂಬ ಊರನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ತಿಪ್ಪೇರುದ್ರಸ್ವಾಮಿಯವರ ಜಾತ್ರೆಗೆ ಹೋಗಿ ಬಂದವರೂ ಇರಬಹುದು. ಮಳೆ ಕಡಮೆಯಾದ ಆ ನಾಡಿನಲ್ಲಿ ಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರೆಂದು ಜನರು ಇಂದಿಗೂ ಹೇಳುತ್ತಾರೆ. “ಮಾಡಿದಷ್ಟು ನೀಡು ಭಿಕ್ಷೆ” ಎಂಬ ಅವರ ಮಾತು ಅಲ್ಲಿ ಮನೆಮಾತಾಗಿದೆ.

ಕೆರೆ ಕಟ್ಟಿಸಿದವರ ಹೆಸರು ನಿಲ್ಲುತ್ತದೆ. ತೂಬನ್ನು ಕಾಯುವ ನೀರಗಂಟಿಯ ಹೆಸರನ್ನು ಯಾರೂ ಕೇಳುವುದಿಲ್ಲ. ಒಂದು ಕಷ್ಟದ ವರ್ಷ ಊರಿನವರು ಖರ್ಚನ್ನು ತಗ್ಗಿಸಲೆಂದು ನೀರಗಂಟಿಗೆ ಸಲ್ಲುವ ಧಾನ್ಯವನ್ನು ನಿಲ್ಲಿಸಿದರೆಂದು ಇಟ್ಟುಕೊಳ್ಳೋಣ. ಆ ವರ್ಷ ಏನೂ ಕೆಡುವುದಿಲ್ಲ. ಮಿಗಿಸಿದ ಧಾನ್ಯವನ್ನು ಅಳೆದು ತೋರಿಸಲೂಬಹುದು. ಮುಂದೆ ಕೆರೆ ತುಂಬಿದಾಗ, ಯಾವ ಗದ್ದೆಗೆ ಎಷ್ಟು ನೀರು, ಯಾವ ಹೊತ್ತಿಗೆ ಎಂಬುದನ್ನು ಬಲ್ಲವನಿಲ್ಲದೆ ಪೈರು ಕೆಡುತ್ತದೆ. ಕೆಟ್ಟ ಪೈರು ಕೆರೆಯ ಬಳಿಯದಲ್ಲ, ದೂರದ ಅಚ್ಚುಕಟ್ಟಿನದು. ಸರ್ಕಾರವು ತನ್ನ ಆಡಳಿತದ ಮುಂದಾಳುಗಳಿಗೆ ಕೊಡುವ ಶಿಕ್ಷಣವನ್ನು ಮೊಟಕುಗೊಳಿಸಿದಾಗಲೂ ಹೀಗೆಯೇ ಆಗುವುದೆಂದು ನನ್ನ ಭಾವನೆ. ಉಳಿತಾಯವು ಸರ್ಕಾರದ ಲೆಕ್ಕದಲ್ಲಿ ಕಾಣುತ್ತದೆ. ನಷ್ಟವು ವಿಶ್ವವಿದ್ಯಾನಿಲಯದ ಅಚ್ಚುಕಟ್ಟಿನಲ್ಲಿ ಕಾಣುತ್ತದೆ.

ಈಚೆಗೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದುದನ್ನು ಮೊದಲು ನೋಡೋಣ. ಅಲ್ಲಿಯ ಕೇಂದ್ರ ಸರ್ಕಾರದ ಹಿರಿಯ ಅಧಿಕಾರಿಗಳ ಶಿಕ್ಷಣಕ್ಕಾಗಿ ೧೯೬೮ರಲ್ಲಿ ವರ್ಜೀನಿಯಾದ ಷಾರ್ಲಟ್ಸ್‌ವಿಲ್ ಪಟ್ಟಣದಲ್ಲಿ ಒಂದು ಸಂಸ್ಥೆ ಹುಟ್ಟಿತು. ಉನ್ನತ ಪದವಿ ಪಡೆದ ತರುಣರನ್ನು ಆರಿಸಿ ಸರ್ಕಾರದ ಕೆಲಸದಲ್ಲಿ ಪಳಗಿಸುವ ಇನ್ನೊಂದು ಯೋಜನೆಯು ಅಧ್ಯಕ್ಷ ಕಾರ್ಟರ್ ಅವರ ಕಾಲದಲ್ಲಿ, ೧೯೭೭ರಲ್ಲಿ, ಮೊದಲಾಯಿತು. ೨೦೨೫ರ ಫೆಬ್ರವರಿ ತಿಂಗಳೊಂದರಲ್ಲಿಯೇ ಇವೆರಡನ್ನೂ ಕೊನೆಗೊಳಿಸುವಂತೆ ಅಧ್ಯಕ್ಷರ ಆಜ್ಞೆಗಳು ಹೊರಟವು. ಇದರಿಂದ ಸರ್ಕಾರಕ್ಕೆ ಎಷ್ಟು ಉಳಿಯಿತೆಂಬುದು ಅವರ ವಿಚಾರ. ಆದರೆ ಸಾರ್ವಜನಿಕ ಆಡಳಿತವನ್ನು ಕಲಿಸುವ ಅಲ್ಲಿಯ ವಿಶ್ವವಿದ್ಯಾನಿಲಯಗಳ ಮೇಲೆ ಬಿದ್ದ ಪೆಟ್ಟು ಸಣ್ಣದಲ್ಲ. ಎರಡು ವರ್ಷ ಓದಿದ ವಿದ್ಯಾರ್ಥಿಗೆ ಸರ್ಕಾರದೊಳಕ್ಕೆ ಹೋಗುವ ಒಂದು ಹೆಬ್ಬಾಗಿಲು ಮುಚ್ಚಿತು. ಬಾಗಿಲು ಮುಚ್ಚಿದ ಮೇಲೆ ಆ ವಿಷಯವನ್ನು ಓದಲು ಬರುವವರು ಏಕೆ ಬರಬೇಕು? ಅಧಿಕಾರಿಗಳ ಅನುಭವವು ತರಗತಿಗೆ ಬರುವ ದಾರಿಯೂ ಕಿರಿದಾಯಿತು.

ಇದು ದೂರದ ಮಾತೆಂದು ಎಣಿಸಬೇಡಿ. ನಮ್ಮಲ್ಲಿ ಆಡಳಿತಕ್ಕೂ ವಿದ್ಯೆಗೂ ಇದ್ದ ನಂಟು ಹಳೆಯದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೯೧ರಲ್ಲಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಪ್ರಾರಂಭವಾಯಿತು. ಕಾಲೇಜಿನಲ್ಲಿ ಓದಿದ ಮೈಸೂರಿನ ಹುಡುಗರಿಗೆ ಅದೊಂದು ಗುರಿಯಾಯಿತು. ಮಾಸ್ತಿಯವರು ಆಡಳಿತಕ್ಕೆ ಬಂದುದು ಆ ದಾರಿಯಿಂದಲೇ. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅದರ ಮೊದಲನೆಯ ಉಪಕುಲಪತಿಗಳಾದ ಎಚ್. ವಿ. ನಂಜುಂಡಯ್ಯನವರು ನ್ಯಾಯ ಮತ್ತು ಆಡಳಿತಗಳಲ್ಲಿ ನುರಿತವರು. ಕಾಲೇಜು ಆಡಳಿತಕ್ಕೆ ಜನರನ್ನು ಕೊಟ್ಟಿತು. ಆಡಳಿತವು ವಿಶ್ವವಿದ್ಯಾನಿಲಯಕ್ಕೆ ಅನುಭವವನ್ನು ಹಿಂದಿರುಗಿಸಿತು. ಈ ಕೊಡುಕೊಳೆ ನಡೆಯುತ್ತಿರುವವರೆಗೆ ಎರಡಕ್ಕೂ ಲಾಭ.

ಈಗಿನ ಸ್ಥಿತಿಯೇನು? ವಿಶ್ವವಿದ್ಯಾನಿಲಯದ ಕುಲಸಚಿವರ ಸ್ಥಾನಕ್ಕೆ ಅನೇಕ ವೇಳೆ ಆಡಳಿತ ಸೇವೆಯ ಅಧಿಕಾರಿಗಳು ಬರುತ್ತಾರೆ. ಲೆಕ್ಕಪತ್ರದ ಹೊಣೆಯನ್ನು ಹೊರುವವರೂ ಸಾಮಾನ್ಯವಾಗಿ ಸರ್ಕಾರದಿಂದ ಬಂದವರೇ. ಕುಲಪತಿಗಳ ಅವಧಿ ನಾಲ್ಕು ವರ್ಷ. ಇಪ್ಪತ್ತೈದು ವರ್ಷ ಸಸ್ಯಶಾಸ್ತ್ರವನ್ನೋ ಇತಿಹಾಸವನ್ನೋ ಚೆನ್ನಾಗಿ ಕಲಿಸಿದವರೊಬ್ಬರು ಆ ಪೀಠದಲ್ಲಿ ಕೂತರೆಂದು ಭಾವಿಸಿರಿ. ಆಯವ್ಯಯವನ್ನು ಓದುವುದು, ನೇಮಕದ ನಿಯಮ, ಕಟ್ಟಡದ ಕರಾರು, ಕೋರ್ಟಿನ ವ್ಯಾಜ್ಯ, ಇವನ್ನೆಲ್ಲ ಅವರಿಗೆ ಯಾರೂ ಕಲಿಸಿಲ್ಲ. ಕಲಿಯುವುದರಲ್ಲಿ ಒಂದು ವರ್ಷ ಕಳೆದರೆ ಅವಧಿಯ ಕಾಲುಭಾಗ ಹೋಯಿತು. ಅನುದಾನದ ಕಾಗದವು ಮಾರ್ಚಿ ತಿಂಗಳ ಕೊನೆಯೊಳಗೆ ಹೋಗದಿದ್ದರೆ ಆ ವರ್ಷದ ಹಣವೂ ಹೋಯಿತು. ಆಗ ತೊಂದರೆಪಡುವವನು ಕುಲಪತಿಯಲ್ಲ. ವಿದ್ಯಾರ್ಥಿವೇತನಕ್ಕಾಗಿ ಕಾದು, ಊಟದ ಲೆಕ್ಕ ತೀರಿಸಲಾರದ ಹಾಸ್ಟೆಲಿನ ಹುಡುಗ.

ಅಧ್ಯಾಪಕರ ತರಬೇತಿಗೆ ೧೯೮೭ರಿಂದ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದವರು ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆದರು. ದೂರದೂರದಿಂದ ಬಂದ ಅಧ್ಯಾಪಕರು ಅಲ್ಲಿ ಮೂರು ನಾಲ್ಕು ವಾರ ಒಟ್ಟಿಗಿದ್ದು ಕಲಿಯುತ್ತಿದ್ದರು. ಆ ಕೇಂದ್ರಗಳು ಹೆಸರು ಬದಲಿಸಿ, ೨೦೨೩ರಲ್ಲಿ ಮಾಳವೀಯರ ಹೆಸರಿನ ಯೋಜನೆಯ ಕೆಳಗೆ ಬಂದವು. ಈಗ ಆನ್‌ಲೈನ್ ಮೂಲಕ ನಡೆಯುವ ಅಲ್ಪಕಾಲದ ತರಗತಿಗಳು ಹೆಚ್ಚು. ಇದರಲ್ಲಿ ಒಳ್ಳೆಯದೂ ಉಂಟು. ಮೊಳಕಾಲ್ಮೂರಿನ ಕಾಲೇಜಿನಲ್ಲಿ ಪಾಠ ಹೇಳುವ, ಮನೆಯಲ್ಲಿ ಎಳೆಯ ಮಕ್ಕಳಿರುವ ತಾಯಿಗೆ ಊರು ಬಿಡದೆ ಕಲಿಯುವ ಅನುಕೂಲ ದೊರೆಯಿತು. ಆದರೆ ಊಟದ ಪಂಕ್ತಿಯಲ್ಲಿ ಕೂತು, “ನಿಮ್ಮ ಕಾಲೇಜಿನಲ್ಲಿ ಈ ತೊಡಕನ್ನು ಹೇಗೆ ಬಿಡಿಸಿದಿರಿ, ಸ್ವಾಮಿ?” ಎಂದು ಕೇಳಿ ಕಲಿಯುವುದು ತಪ್ಪಿತು. ಮುಂದಾಳುತನವು ಬಹುಮಟ್ಟಿಗೆ ಇಂತಹ ಮಾತಿನಿಂದಲೇ ಬರುವ ವಿದ್ಯೆ.

ಮತ್ತೆ ನಾಯಕನಹಟ್ಟಿಯ ಕಡೆಗೆ ಬರೋಣ. ಅದರ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ವಿಸ್ತೀರ್ಣ ಸುಮಾರು ೧೫೦೦ ಎಕರೆ. ಬೆಂಗಳೂರಿನಲ್ಲಿ ಸಂಸ್ಥೆ ಹುಟ್ಟುವಾಗ ಮೈಸೂರು ಸರ್ಕಾರದವರು ಕೊಟ್ಟದ್ದು ೩೭೧ ಎಕರೆಯಷ್ಟು. ಕುದಾಪುರದ ಈ ಆವರಣದಲ್ಲಿ ಹಳ್ಳಿಗಾಡಿನ ವಿಜ್ಞಾನದ ಅಧ್ಯಾಪಕರನ್ನು ಕರೆಸಿ, ಪ್ರಯೋಗಶಾಲೆಯಲ್ಲಿ ಕೈಯಾರ ಕೆಲಸ ಮಾಡಿಸಿ ಕಲಿಸುವ ಕೇಂದ್ರವೊಂದು ನಡೆದು ಬಂದಿದೆ. ಪುಸ್ತಕದಲ್ಲಿ ಮಾತ್ರ ಓದಿದ್ದ ಉಪಕರಣವನ್ನು ಕೈಯಲ್ಲಿ ಹಿಡಿದು ನೋಡಿದ ಅಧ್ಯಾಪಕನು ಹಿಂದಿರುಗಿ ನೂರು ಮಕ್ಕಳಿಗೆ ಅದನ್ನು ಹೇಳುತ್ತಾನೆ. ಆ ನೂರು ಮಕ್ಕಳಲ್ಲಿ ಕೆಲವರು ನಾಳೆ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು. ತರಬೇತಿಯ ಫಲ ವಿಶ್ವವಿದ್ಯಾನಿಲಯಕ್ಕೆ ತಲಪುವ ಕಾಲುವೆ ಇದು.

ಇದೇ ನೆಲದಲ್ಲಿ ಇನ್ನೊಂದು ಪಾಠವೂ ಇದೆ. ಆ ಭೂಮಿಯು ಮುಂಚೆ ಅಮೃತಮಹಲ್ ಕಾವಲು. ಸುತ್ತಿನ ಹಳ್ಳಿಗಳ ದನಕುರಿಗಳು ಮೇಯುತ್ತಿದ್ದ ಹುಲ್ಲುಗಾವಲು. ವಿಜ್ಞಾನ ಮತ್ತು ರಕ್ಷಣೆಯ ಸಂಸ್ಥೆಗಳಿಗೆ ಅದನ್ನು ಹಂಚಿಕೊಟ್ಟಾಗ, ತಮ್ಮನ್ನು ಮೊದಲು ಕೇಳಲಿಲ್ಲವೆಂದು ಹಳ್ಳಿಯವರು ದೂರಿದರು. ವಿವಾದವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋಗಿ ೨೦೧೪ರಲ್ಲಿ ಅಲ್ಲಿಯ ತೀರ್ಪು ಬಂದಿತು. ನ್ಯಾಯದ ಗುಣದೋಷವನ್ನು ನಾನು ಇಲ್ಲಿ ಎತ್ತುವುದಿಲ್ಲ. ನಾನು ಹೇಳುವುದು ಇಷ್ಟೇ: ಊರಿನ ಚಾವಡಿಯಲ್ಲಿ ಕೂತು ಕುರಿಗಾಹಿಯ ಮಾತನ್ನು ಕೇಳಬಲ್ಲ, ವಿಜ್ಞಾನಿಯ ಉದ್ದೇಶವನ್ನು ಅವನಿಗೆ ತಿಳಿಯುವ ಕನ್ನಡದಲ್ಲಿ ಹೇಳಬಲ್ಲ ಅಧಿಕಾರಿಯು ತಾನಾಗಿ ಹುಟ್ಟುವುದಿಲ್ಲ. ಅವನನ್ನು ತಯಾರು ಮಾಡಬೇಕು. ತಯಾರು ಮಾಡದಿದ್ದರೆ, ಹೊಸ ವಿದ್ಯಾಸಂಸ್ಥೆಗಳು ತಮ್ಮ ಮೊದಲ ವರ್ಷಗಳನ್ನು ನ್ಯಾಯಾಲಯದ ಬಾಗಿಲಿನಲ್ಲಿ ಕಳೆಯಬೇಕಾಗುತ್ತದೆ.

ತರಬೇತಿಯೆಲ್ಲವೂ ಪವಿತ್ರವೆಂದು ನಾನು ವಾದಿಸುವುದಿಲ್ಲ. ಹಾಜರಿ ಹಾಕಿ, ಕಾಫಿ ಕುಡಿದು, ಸರ್ಟಿಫಿಕೇಟನ್ನು ಚೀಲದಲ್ಲಿಟ್ಟು ಮನೆಗೆ ಹೋಗುವ ಶಿಬಿರಗಳನ್ನು ನಾವೆಲ್ಲ ಕಂಡಿದ್ದೇವೆ. ಬಡ್ತಿಗೆ ಇಷ್ಟು ಶಿಬಿರಗಳು ಬೇಕೆಂಬ ನಿಯಮವಾದ ಮೇಲೆ ಕಲಿಕೆಗಿಂತ ಕಾಗದವೇ ದೊಡ್ಡದಾಯಿತು. ಇದರಲ್ಲಿ ವಿಶ್ವವಿದ್ಯಾನಿಲಯಗಳ ತಪ್ಪೂ ಉಂಟು. ಮಿತವ್ಯಯವನ್ನು ಬಯಸುವ ಮಂತ್ರಿಗಳು ಇಂತಹ ಶಿಬಿರಗಳನ್ನು ತೋರಿಸಿ, “ಇದಕ್ಕೆ ಏಕೆ ಹಣ?” ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿರುವುದಿಲ್ಲ. ಆದರೆ ನೀರಗಂಟಿ ಸೋಮಾರಿಯಾದರೆ ಅವನಿಗೆ ಬುದ್ಧಿ ಹೇಳಬೇಕು, ಇಲ್ಲವೆ ಬೇರೊಬ್ಬನನ್ನು ನೇಮಿಸಬೇಕು. ತೂಬನ್ನೇ ಮುಚ್ಚಿಬಿಡುವುದು ವಿವೇಕವಲ್ಲ.

ಆದುದರಿಂದ ಎರಡು ಸೂಚನೆಗಳನ್ನು ನಿಮ್ಮ ಮುಂದಿಡುತ್ತೇನೆ. ಸರ್ಕಾರವು ಇಂತಹ ಖರ್ಚನ್ನು ಕಡಿಯುವ ಮುಂಚೆ, ಶಿಬಿರದಿಂದ ಹಿಂದಿರುಗಿದವರು ಒಂದು ವರ್ಷದಲ್ಲಿ ಏನು ಮಾಡಿದರೆಂಬುದನ್ನು ಕೇಳಲಿ; ಉತ್ತರವಿಲ್ಲದ ಶಿಬಿರವು ನಿಲ್ಲಲಿ, ಉತ್ತರವಿರುವುದು ಉಳಿಯಲಿ. ವಿಶ್ವವಿದ್ಯಾನಿಲಯಗಳು ಕೂಡ ಸರ್ಕಾರದ ಕೈಯನ್ನೇ ನೋಡುತ್ತ ಕೂರದೆ, ತಹಸೀಲ್ದಾರರನ್ನೂ ಕುಲಸಚಿವರನ್ನೂ ಕಾಲೇಜಿನ ಪ್ರಾಂಶುಪಾಲರನ್ನೂ ವರ್ಷಕ್ಕೊಮ್ಮೆ ಒಂದೇ ಕೊಠಡಿಯಲ್ಲಿ ಕೂಡಿಸಲಿ. ಇದಕ್ಕೆ ಅರಮನೆ ಬೇಕಾಗಿಲ್ಲ. ಕುದಾಪುರದಂತಹ ಆವರಣ, ಸರಳವಾದ ಊಟ, ಬಿಚ್ಚುಮನಸ್ಸಿನ ಮಾತು ಸಾಕು.

“ಮಾಡಿದಷ್ಟು ನೀಡು ಭಿಕ್ಷೆ” ಎಂಬ ಮಾತನ್ನು ಸೋಮಾರಿಗೆ ಹೇಳಿದ ಎಚ್ಚರಿಕೆಯೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಅದು ಕೊಡುವವನಿಗೂ ಸಲ್ಲುವ ಮಾತು. ಆಳುವವರ ಶಿಕ್ಷಣಕ್ಕೆ ನಾಡು ಎಷ್ಟು ನೀಡುವುದೋ, ನಾಡಿನ ವಿದ್ಯೆಯೂ ಅಷ್ಟೇ ಬೆಳೆಯುವುದು.